ಹೊಸ ಪೆಟ್ರೋಲು, ಹಳೆಯ ಕಾರ್ಬೊರೇಟರು

ಪಾಂಟಿಯಾಕ್ ಕಂಪನಿ 1964ರ ಮಾದರಿಯಾಗಿ ಜಿಟಿಒ ಕಾರನ್ನು ರಸ್ತೆಗಿಳಿಸಿದಾಗ ಅದರ ಅಳತೆ, ಅಂದಾಜುಗಳೆಲ್ಲ ವರ್ಕ್‌ಶಾಪ್ ಕೈಪಿಡಿಯಲ್ಲಿ ಅಚ್ಚಾಗಿದ್ದವು. ಪಾಯಿಂಟ್ ಗ್ಯಾಪ್ ಎಷ್ಟು, ಟೈಮಿಂಗ್ ಎಷ್ಟು ಡಿಗ್ರಿ, ಫ್ಲೋಟ್ ಯಾವ ಎತ್ತರದಲ್ಲಿರಬೇಕು, ಐಡ್ಲಿಂಗ್ ನಿಮಿಷಕ್ಕೆಷ್ಟು ಸುತ್ತು ಎಂಬುದೆಲ್ಲ ಅದರಲ್ಲಿ ಸಿಗುತ್ತದೆ. ಜಿಟಿಒದಂಥ ಹಳೆಯ ಮಸಲ್ ಕಾರುಗಳನ್ನು ಪ್ರೀತಿಯಿಂದ ಸಾಕುವವರು ಇವತ್ತಿಗೂ ಆ ಅಂಕಿಗಳನ್ನೇ ನಂಬಿ ಸ್ಪ್ಯಾನರ್ ಹಿಡಿಯುತ್ತಾರೆ. ಹಿಡಿದು, ಅಷ್ಟೂ ಅಂಕಿಗಳನ್ನು ಚಾಚೂ ತಪ್ಪದೆ ಕೂಡಿಸಿ, ಆಮೇಲೆ ಗಾಡಿ ಯಾಕೆ ಸಿಗ್ನಲ್ಲಿನಲ್ಲಿ ನಡುಗುತ್ತದೆ, ಆಕ್ಸಿಲರೇಟರ್ ತುಳಿದ ತಕ್ಷಣ ಯಾಕೆ ಗಕ್ಕನೆ ಉಸಿರು ಹಿಡಿಯುತ್ತದೆ ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಕೈಪಿಡಿಯಲ್ಲಿ ತಪ್ಪಿಲ್ಲ. ಅದನ್ನು ಬರೆದವರು ಯಾವ ಪೆಟ್ರೋಲನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೋ ಆ ಪೆಟ್ರೋಲು ಈಗ ರಸ್ತೆ ಬದಿಯ ಬಂಕಿನಲ್ಲಿ ಸಿಗುವುದಿಲ್ಲ, ಅಷ್ಟೆ.

ಹಳೆಯ ಕಾರಿನ ಕಾರ್ಬೊರೇಟರ್ ಟ್ಯೂನಿಂಗ್ ಎಂದರೆ ಕಾರ್ಖಾನೆಯ ಅಂಕಿಗೆ ಮರಳುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಐವತ್ತು, ಅರವತ್ತು ವರ್ಷ ಹಳೆಯ ಯಂತ್ರಕ್ಕೆ ಇವತ್ತಿನ ಇಂಧನದ ಜತೆ ಬಾಳುವುದನ್ನು ಕಲಿಸುವುದೇ ಈಗಿನ ಟ್ಯೂನಿಂಗ್. ಅದಕ್ಕೆ ಆ ಕಾಲದ ಎಂಜಿನಿಯರುಗಳು ಏನು ಯೋಚಿಸಿದ್ದರು ಎಂಬುದು ಗೊತ್ತಿರಬೇಕು. ಅವರು ಬರೆದಿಟ್ಟ ಅಂಕಿಗಿಂತ ಅವರ ಯೋಚನೆ ಹೆಚ್ಚು ಕಾಲ ಬಾಳುವಂಥದ್ದು.

ಜಿಟಿಒ ಹುಟ್ಟಿದ್ದೇ ಒಂದು ನಿಯಮದ ಸಂದಿನಿಂದ. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಕೂಡದು ಎಂದು ಪಾಂಟಿಯಾಕ್‌ನ ಒಡೆಯ ಸಂಸ್ಥೆ ಜನರಲ್ ಮೋಟರ್ಸ್‌ನ ಕಟ್ಟಳೆ ಇತ್ತು. ಪಾಂಟಿಯಾಕ್‌ನಲ್ಲಿದ್ದ ಜಾನ್ ಡೆಲೋರಿಯನ್ ಮತ್ತು ಅವರ ಜತೆಗಾರರು ದೊಡ್ಡ ಕಾರಿನ 389 ಕ್ಯೂಬಿಕ್ ಇಂಚಿನ, ಎಂದರೆ ಸುಮಾರು 6.4 ಲೀಟರಿನ ವಿ-8 ಎಂಜಿನ್ನನ್ನು ಟೆಂಪೆಸ್ಟ್ ಕಾರಿಗೆ ಇಳಿಸಿ, ಅದನ್ನು ಹೊಸ ಮಾದರಿ ಎನ್ನದೆ ಗಿರಾಕಿ ಬಯಸಿದರೆ ಕೊಡುವ 'ಆಪ್ಷನ್' ಎಂದು ಮಾರಿದರು. ಒಂದೇ ಫೋರ್-ಬ್ಯಾರಲ್ (ನಾಲ್ಕು ಬಾಯಿಯ) ಕಾರ್ಬೊರೇಟರ್ ಇದ್ದರೆ 325 ಅಶ್ವಶಕ್ತಿ. ಸಾಲಾಗಿ ಮೂರು ರೋಚೆಸ್ಟರ್ ಟೂ-ಬ್ಯಾರಲ್ ಕೂಡಿಸಿದ 'ಟ್ರೈ-ಪವರ್' ಬೇಕೆಂದರೆ 348. ಕಂಪ್ರೆಷನ್ 10.75ಕ್ಕೆ 1. ಇಂಥ ಒತ್ತಡದಲ್ಲಿ ಪೆಟ್ರೋಲು ಕಿಡಿಯ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದಂತೆ ತಡೆಯುತ್ತಿದ್ದದ್ದು ಅದರಲ್ಲಿ ಬೆರೆಸುತ್ತಿದ್ದ ಸೀಸ.

ಆ ಕಾಲದ ಕಾರ್ಬೊರೇಟರುಗಳ ಚರಿತ್ರೆಯೆಲ್ಲ ಒಂದೇ ತೊಡಕನ್ನು ಬಿಡಿಸುವ ಚರಿತ್ರೆ. ಕಾರ್ಬೊರೇಟರ್ ಕೆಲಸ ಮಾಡುವುದು ನಮ್ಮ ಮನೆಗಳಲ್ಲಿ ತಿಗಣೆಗೆ ಔಷಧಿ ಹೊಡೆಯುತ್ತಿದ್ದ ಫ್ಲಿಟ್ ಪಂಪಿನ ಹಾಗೆ: ಗಾಳಿ ಜೋರಾಗಿ ಹಾಯುವ ಕಡೆ ಒತ್ತಡ ಇಳಿಯುತ್ತದೆ, ಒತ್ತಡ ಇಳಿದ ಕಡೆಗೆ ಕೆಳಗಿನ ದ್ರವ ಏರಿ ಬಂದು ಹನಿಹನಿಯಾಗಿ ಚೆದುರುತ್ತದೆ. ಕೊಳವೆಯ ಕುತ್ತಿಗೆಯನ್ನು ಕಿರಿದು ಮಾಡಿದಷ್ಟೂ ಗಾಳಿಯ ವೇಗ ಹೆಚ್ಚು, ಪೆಟ್ರೋಲು ಅಷ್ಟು ಚೆನ್ನಾಗಿ ಸಿಡಿಯುತ್ತದೆ. ಆದರೆ ಕಿರಿದಾದ ಕುತ್ತಿಗೆ ಪೂರ್ತಿ ವೇಗದಲ್ಲಿ ಎಂಜಿನ್ನಿಗೆ ಬೇಕಾದಷ್ಟು ಗಾಳಿ ಬಿಡುವುದಿಲ್ಲ. ಅಗಲ ಮಾಡಿದರೆ ಊರೊಳಗಿನ ನಿಧಾನ ಓಟದಲ್ಲಿ ಗಾಳಿ ಮಂದವಾಗಿ, ಪೆಟ್ರೋಲು ಸಿಡಿಯುವ ಬದಲು ತೊಟ್ಟಿಕ್ಕುತ್ತದೆ. ಎರಡನ್ನೂ ಒಂದೇ ಕೊಳವೆಯಿಂದ ಸಾಧಿಸಲಾಗದು.

ಟ್ರೈ-ಪವರ್‌ನಲ್ಲಿ ನಡುವಿನ ಕಾರ್ಬೊರೇಟರ್ ಮಾತ್ರ ದಿನನಿತ್ಯದ ಓಡಾಟಕ್ಕೆ. ಪೆಡಲು ಬಹಳಷ್ಟು ಕೆಳಗಿಳಿದಾಗ ಮಾತ್ರ ಆಚೀಚೆಯ ಎರಡು ತೆರೆದುಕೊಳ್ಳುತ್ತವೆ. 1969ರ ನಡುವಿನಲ್ಲಿ ಕ್ರೈಸ್ಲರ್ ತನ್ನ 440 ಎಂಜಿನ್ನಿಗೆ ಹಾಲಿ ಕಂಪನಿಯ ಮೂರು ಕಾರ್ಬೊರೇಟರ್ ಕೂಡಿಸಿ 390 ಅಶ್ವಶಕ್ತಿ ಎಂದು ಘೋಷಿಸಿದಾಗಲೂ ಉಪಾಯ ಅದೇ. ಇಷ್ಟರಲ್ಲಿ ಜನರಲ್ ಮೋಟರ್ಸ್ 1967ರಿಂದ ಕಾರ್ವೆಟ್‌ನಂಥ ಒಂದೆರಡನ್ನು ಬಿಟ್ಟು ಉಳಿದ ಕಾರುಗಳಿಗೆ ಒಂದಕ್ಕಿಂತ ಹೆಚ್ಚು ಕಾರ್ಬೊರೇಟರ್ ಹಾಕುವುದನ್ನು ನಿಷೇಧಿಸಿತ್ತು. ಆ ವರ್ಷದ ಜಿಟಿಒಗೆ ಬಂದದ್ದು ರೋಚೆಸ್ಟರ್ ಕ್ವಾಡ್ರಾಜೆಟ್. ಮುಂದಿನ ಎರಡು ಬಾಯಿ ಒಂದು ಇಂಚು ಮತ್ತು ಮೂರೆಂಟಾಂಶದಷ್ಟು ಕಿರಿದು. ಹಿಂದಿನ ಎರಡು ಎರಡೂಕಾಲು ಇಂಚಿನ ಹಂಡೆಬಾಯಿ. ಮೂರು ಕಾರ್ಬೊರೇಟರಿನ ಜಾಣ್ಮೆಯೆಲ್ಲ ಒಂದೇ ಎರಕದೊಳಗೆ ಅಡಗಿದೆ. ಬಿಚ್ಚಿ ನೋಡಿದವರಿಗೆ ಅದರ ಬಗ್ಗೆ ಗೌರವ ಹುಟ್ಟದೆ ಇರದು. ಬಿಚ್ಚಲು ಬಾರದವರೇ ಅದಕ್ಕೆ ಕೆಟ್ಟ ಹೆಸರು ತಂದರು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಅದನ್ನು ಕಿತ್ತೆಸೆದು ದೊಡ್ಡದೊಂದು ಹಾಲಿಯನ್ನು ಬೋಲ್ಟ್ ಮಾಡುವುದು ದಶಕಗಳ ಕಾಲ ಅಮೆರಿಕದ ಗ್ಯಾರೇಜುಗಳಲ್ಲಿ ನಡೆದ ಅನ್ಯಾಯ.

ದೊಡ್ಡದು ಎಂದರೆ ಎಷ್ಟು ದೊಡ್ಡದು? ಲೆಕ್ಕ ಕಷ್ಟದ್ದಲ್ಲ. ಎಂಜಿನ್ನಿನ ಕ್ಯೂಬಿಕ್ ಇಂಚನ್ನು ಗರಿಷ್ಠ ಸುತ್ತುಗಳಿಂದ ಗುಣಿಸಿ 3456ರಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಬೇಕೆಂಬುದು ಬರುತ್ತದೆ. 350 ಕ್ಯೂಬಿಕ್ ಇಂಚಿನ ಷೆವರ್ಲೆ ಎಂಜಿನ್ 5500 ಸುತ್ತು ತಿರುಗಿದರೂ ಬೇಕಾಗುವುದು 557 ಸಿಎಫ್‌ಎಂ. ರಸ್ತೆಯ ಎಂಜಿನ್ ತನ್ನ ಸಿಲಿಂಡರನ್ನು ನೂರಕ್ಕೆ ನೂರು ತುಂಬಿಕೊಳ್ಳುವುದಿಲ್ಲ. 85 ಪಾಲು ಎಂದಿಟ್ಟುಕೊಂಡರೆ 473. ಅದಕ್ಕೆ 600ರ ಕಾರ್ಬೊರೇಟರ್ ಧಾರಾಳ. 850ರದ್ದನ್ನು ಹಾಕಿದವನಿಗೆ ಸಿಗುವುದು ಕಪ್ಪು ಹೊಗೆ, ಕರಿ ಹಿಡಿದ ಪ್ಲಗ್ಗು ಮತ್ತು ಪಿಕಪ್ ಇಲ್ಲದ ಗಾಡಿ. ಹಾಲಿ 850 ಕೆಟ್ಟ ಕಾರ್ಬೊರೇಟರ್ ಅಲ್ಲ. ಅದರ ಜಾಗ ಸುತ್ತು ಕೆಳಗಿಳಿಯದ ಡ್ರ್ಯಾಗ್ ಓಟದ ಎಂಜಿನ್ ಮೇಲೆ.

ಮನುಷ್ಯರು ಇಂಥ ಆಯ್ಕೆಗೆ ಯಾಕೆ ಹೋಗುತ್ತಾರೆ? ಇಲ್ಲಿ ಪೆಟ್ರೋಲಿನ ಕತೆ ಬರುತ್ತದೆ.

1921ರಲ್ಲಿ ಥಾಮಸ್ ಮಿಜ್ಲಿ ಎಂಬ ಜನರಲ್ ಮೋಟರ್ಸ್ ಸಂಶೋಧಕ ಟೆಟ್ರಾಈಥೈಲ್ ಸೀಸ ಬೆರೆಸಿದರೆ ಎಂಜಿನ್ನಿನ ನಾಕಿಂಗ್, ಎಂದರೆ ಪೆಟ್ರೋಲು ತಾನಾಗಿ ಹೊತ್ತಿ ಬಡಿಯುವುದು, ನಿಲ್ಲುತ್ತದೆ ಎಂದು ಕಂಡುಕೊಂಡ. ಆ ವಿಷ ಮಕ್ಕಳ ಮಿದುಳಿಗೆ ಏನು ಮಾಡುತ್ತದೆ ಎಂಬುದನ್ನು ಜಗತ್ತು ಒಪ್ಪಿಕೊಳ್ಳಲು ಅರ್ಧ ಶತಮಾನ ಹಿಡಿಯಿತು. ಮಸಲ್ ಕಾರುಗಳ ಅಂತ್ಯಕ್ಕೆ ಕಾರಣಗಳನ್ನು ಹೇಳುವಾಗ 1973ರ ತೈಲ ಬಿಕ್ಕಟ್ಟನ್ನು ಎಲ್ಲರೂ ನೆನೆಯುತ್ತಾರೆ. ಆದರೆ ಅದಕ್ಕೂ ಮೊದಲೇ, 1971ರ ಮಾದರಿಗಳಲ್ಲಿ, ಸೀಸ ಕಡಿಮೆ ಇರುವ ಪೆಟ್ರೋಲಿಗೆ ಹೊಂದಲೆಂದು ಜನರಲ್ ಮೋಟರ್ಸ್ ತನ್ನ ಎಂಜಿನ್ನುಗಳ ಕಂಪ್ರೆಷನ್ ಇಳಿಸಿಬಿಟ್ಟಿತ್ತು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು 1996ರ ಜನವರಿ 1ರಿಂದ ಪೂರ್ತಿ ನಿಷಿದ್ಧವಾಯಿತು. ಭಾರತದಲ್ಲಿ 2000ದಲ್ಲಿ. ಹಳೆಯ ಕಾರಿನ ಮೇಲೆ ಎಷ್ಟೇ ಮಮತೆ ಇದ್ದರೂ ಇದಕ್ಕೆ ದುಃಖಪಡುವುದು ತರವಲ್ಲ. ಸೀಸ ಹೋದದ್ದು ಒಳ್ಳೆಯದಾಯಿತು. ಆದರೆ 10.75 ಕಂಪ್ರೆಷನ್ನಿನ ಎಂಜಿನ್ನು ತನ್ನ ಕಾವಲುಗಾರನನ್ನು ಕಳೆದುಕೊಂಡದ್ದೂ ನಿಜ.

ಈಗ ಏನಾಗುತ್ತದೆ ನೋಡಿ. ಏರು ರಸ್ತೆಯಲ್ಲಿ ಎಂಜಿನ್ ಕಿಣಿಕಿಣಿ ಸದ್ದು ಮಾಡುತ್ತದೆ. ಅದು ನಾಕಿಂಗ್, ಬಿಟ್ಟರೆ ಪಿಸ್ಟನ್ ಒಡೆಯುತ್ತದೆ. ಮಾಲೀಕ ಹೆದರಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗಿಸಿ ಟೈಮಿಂಗನ್ನು, ಎಂದರೆ ಕಿಡಿ ಬೀಳುವ ಗಳಿಗೆಯನ್ನು, ಹಿಂದಕ್ಕೆ ತರುತ್ತಾನೆ. ನಾಕಿಂಗ್ ನಿಲ್ಲುತ್ತದೆ. ಆದರೆ ಕಿಡಿ ತಡವಾಗಿ ಬೀಳುವುದರಿಂದ ಐಡ್ಲಿಂಗ್ ಬಲ ಕುಂದಿ ಗಾಡಿ ಆಫ್ ಆಗತೊಡಗುತ್ತದೆ. ಆಗ ಅವನು ಐಡ್ಲಿಂಗ್ ಸ್ಕ್ರೂ ಒಳಗೆ ತಿರುಗಿಸುತ್ತಾನೆ. ಥ್ರಾಟಲ್ ತಟ್ಟೆಗಳು ಕಾರ್ಖಾನೆಯವರು ಊಹಿಸಿದ್ದಕ್ಕಿಂತ ಹೆಚ್ಚು ತೆರೆದುಕೊಳ್ಳುತ್ತವೆ. ಅಸಲಿ ತೊಂದರೆ ಶುರುವಾಗುವುದು ಅಲ್ಲಿ.

ಥ್ರಾಟಲ್ ತಟ್ಟೆಯ ಅಂಚಿಗೆ ಸರಿಯಾಗಿ ಕಾರ್ಬೊರೇಟರಿನ ಗೋಡೆಯಲ್ಲಿ ಒಂದು ಸಣ್ಣ ಸೀಳು ಇದೆ. ಟ್ರಾನ್ಸ್‌ಫರ್ ಸ್ಲಾಟ್ ಎನ್ನುತ್ತಾರೆ. ಐಡ್ಲಿಂಗ್‌ನಲ್ಲಿ ಅದರ ಬಹುಭಾಗ ತಟ್ಟೆಯ ಮೇಲ್ಗಡೆ ಅವಿತಿರಬೇಕು. ಕೆಳಗೆ ಇಣುಕುವುದು ಒಂದು ಇಂಚಿನ ಸಾವಿರದಲ್ಲಿ 20 ಪಾಲಿನಷ್ಟು, ಎಂದರೆ ಅರ್ಧ ಮಿಲಿಮೀಟರ್. ಕಾರ್ಬೊರೇಟರನ್ನು ಬುಡ ಮೇಲು ಮಾಡಿ ನೋಡಿದರೆ ಪುಟ್ಟ ಚೌಕದಂತೆ ಕಾಣಬೇಕು. ಪೆಡಲು ಮುಟ್ಟಿದ ಕ್ಷಣದಲ್ಲಿ ತಟ್ಟೆ ಸರಿದು, ಆ ಸೀಳು ಸ್ವಲ್ಪಸ್ವಲ್ಪವಾಗಿ ತೆರೆದು ಪೆಟ್ರೋಲು ಕೊಡುತ್ತ ಹೋಗುತ್ತದೆ. ಓಟದಲ್ಲಿ ಪೆಟ್ರೋಲನ್ನು ಅಳೆದು ಬಿಡುವ ಮುಖ್ಯ ಜೆಟ್ಟಿನ ಕೆಲಸ ಶುರುವಾಗುವವರೆಗೆ ಎಂಜಿನ್ನನ್ನು ದಾಟಿಸುವ ಸೇತುವೆ ಅದು. ನಮ್ಮ ಮಾಲೀಕ ಸ್ಕ್ರೂ ತಿರುಗಿಸಿ ತಿರುಗಿಸಿ ಆ ಸೀಳನ್ನು ಮೊದಲೇ ತೆರೆದಿಟ್ಟಿದ್ದಾನೆ. ಐಡ್ಲಿಂಗ್‌ನಲ್ಲೇ ಅದರಿಂದ ಪೆಟ್ರೋಲು ಹರಿಯುತ್ತಿದೆ. ಐಡ್ಲಿಂಗ್ ಪೆಟ್ರೋಲನ್ನು ಹದ ಮಾಡುವ ಮಿಕ್ಸ್ಚರ್ ಸ್ಕ್ರೂಗಳನ್ನು ಎತ್ತ ತಿರುಗಿಸಿದರೂ ಏನೂ ಬದಲಾಗುವುದಿಲ್ಲ. ಪೆಡಲು ತುಳಿದಾಗ ಕೊಡಲು ಸೀಳಿನಲ್ಲಿ ಹೊಸದಾಗಿ ಉಳಿದದ್ದಿಲ್ಲ, ಮುಖ್ಯ ಜೆಟ್ ಇನ್ನೂ ಎದ್ದಿಲ್ಲ. ನಮ್ಮ ಕಡೆಯ ಡ್ರೈವರುಗಳು ಹೇಳುವಂತೆ 'ಗಾಡಿ ಎತ್ಕೊಳ್ತಿಲ್ಲ'. ಮಾಲೀಕ ಕಾರ್ಬೊರೇಟರನ್ನು ಬೈದು, ಇನ್ನೂ ದೊಡ್ಡದನ್ನು ತರುತ್ತಾನೆ.

ತಪ್ಪು ಇದ್ದದ್ದು ಡಿಸ್ಟ್ರಿಬ್ಯೂಟರಿನಲ್ಲಿ. ಕಾರ್ಖಾನೆಯಿಂದ ಬಂದಾಗ ಟೈಮಿಂಗ್ 6 ಡಿಗ್ರಿಯಿಂದ ಶುರುವಾಗಿ, ಸುತ್ತು ಏರಿದಂತೆ ಒಳಗಿನ ತೂಕಗಳು ದೂರ ಸರಿದು ಅದನ್ನು ಮೂವತ್ತರ ಮೇಲಕ್ಕೆ ಒಯ್ಯುತ್ತಿದ್ದವು. ಇಡೀ ಡಿಸ್ಟ್ರಿಬ್ಯೂಟರನ್ನು ಹಿಂದೆ ತಿರುಗಿಸಿದರೆ ಶುರುವೂ ಇಳಿಯುತ್ತದೆ, ಕೊನೆಯೂ ಇಳಿಯುತ್ತದೆ. ಎರಡನ್ನೂ ಬಿಡಿಬಿಡಿಯಾಗಿ ನೋಡಬೇಕು. ತೂಕಗಳ ಓಟಕ್ಕೆ ಮಿತಿ ಹಾಕಿ ಒಟ್ಟು ಅಡ್ವಾನ್ಸನ್ನು ನಾಕಿಂಗ್ ಬರದ ಕಡೆ, ಸಾಮಾನ್ಯವಾಗಿ 32ರಿಂದ 36ರ ನಡುವೆ, ಕಟ್ಟಿಹಾಕಬೇಕು. ಶುರುವಿನ ಟೈಮಿಂಗನ್ನು 10, 12ಕ್ಕೆ ಏರಿಸಬೇಕು. ಸ್ಪ್ರಿಂಗ್ ಆರಿಸಿ ಏರುವ ವೇಗವನ್ನೂ ಹದ ಮಾಡಬೇಕು. ಐಡ್ಲಿಂಗ್ ಬಲವಾಗುತ್ತದೆ, ಸ್ಕ್ರೂ ಹಿಂದಕ್ಕೆ ಬರುತ್ತದೆ, ಸೀಳು ಮುಚ್ಚಿಕೊಳ್ಳುತ್ತದೆ, ಸತ್ತೇ ಹೋಗಿದ್ದ ಮಿಕ್ಸ್ಚರ್ ಸ್ಕ್ರೂಗಳಿಗೆ ಜೀವ ಬರುತ್ತದೆ. ಕಾರ್ಬೊರೇಟರಿನ ದೂರುಗಳಲ್ಲಿ ಎಷ್ಟೋ ಹೀಗೆ ಕಾರ್ಬೊರೇಟರನ್ನು ಬಿಚ್ಚದೆಯೇ ಪರಿಹಾರವಾಗುತ್ತವೆ.

ಇಷ್ಟಾದ ಮೇಲೆ ವ್ಯಾಕ್ಯೂಮ್ ಗೇಜ್ ಹಚ್ಚಿ ಕೂರಬಹುದು. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು, ಚೋಕ್ ಪೂರ್ತಿ ತೆರೆದಿರಬೇಕು. ಮ್ಯಾನಿಫೋಲ್ಡಿನ ಸಂದುಗಳಲ್ಲಿ ಗಾಳಿ ಸೋರುತ್ತಿಲ್ಲ ಎಂಬುದನ್ನು ಮೊದಲೇ ಖಾತ್ರಿ ಮಾಡಿಕೊಂಡಿರಬೇಕು. ಮಿಕ್ಸ್ಚರ್ ಸ್ಕ್ರೂಗಳನ್ನು ಮೆಲ್ಲಗೆ ತಳ ಮುಟ್ಟಿಸಿ, ಒಂದೂವರೆ ಸುತ್ತು ಹೊರಗೆ ತಂದು ಶುರು ಮಾಡುವುದು ರೂಢಿ. ಒಂದನ್ನು ಕಾಲು ಸುತ್ತು, ಇನ್ನೊಂದನ್ನು ಕಾಲು ಸುತ್ತು. ಪ್ರತಿ ಬಾರಿ ಮುಳ್ಳು ನಿಲ್ಲುವವರೆಗೆ ಕಾಯಬೇಕು. ಕಾರ್ಖಾನೆಯ ಮೃದು ಕ್ಯಾಮ್ ಇರುವ ಎಂಜಿನ್ ಸಮುದ್ರಮಟ್ಟದ ಊರುಗಳಲ್ಲಿ 17ರಿಂದ 21 ಇಂಚು ಪಾದರಸ ತೋರಿಸುತ್ತದೆ. ಸಾವಿರ ಅಡಿ ಮೇಲೇರಿದಂತೆ ಸುಮಾರು ಒಂದು ಇಂಚು ಕಡಿಮೆ. ಮೈಲೆತ್ತರದ ಡೆನ್ವರ್‌ನಲ್ಲಿ 15 ಬಂದರೆ ಗಾಬರಿಯಾಗಬೇಕಿಲ್ಲ, ಅಲ್ಲಿ ಜೆಟ್ಟೂ ಎರಡು ಮೂರು ನಂಬರ್ ಚಿಕ್ಕದೇ ಬೇಕು. ಮುಳ್ಳು ಅತಿ ಎತ್ತರಕ್ಕೆ ಹೋಗಿ ಅಲುಗದೆ ನಿಂತ ಜಾಗ ಸಿಕ್ಕಿದಾಗ ಎಂಜಿನ್ನಿನ ದನಿಯೇ ಬದಲಾಗುತ್ತದೆ. ಎಂಟು ಸಿಲಿಂಡರುಗಳ ಬಿಡಿ ಬಿಡಿ ಗುದ್ದು ಕೂಡಿ ಒಂದೇ ಗುಂಯ್‌ಗಾರವಾಗುತ್ತದೆ. ಈ ಕೆಲಸಕ್ಕೆ ಕೈಗಿಂತ ಕಿವಿ ಮುಖ್ಯ.

ಹಾಲಿ ಕಾರ್ಬೊರೇಟರಿನ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. 1957ರ ಫೋರ್ಡ್ ಥಂಡರ್‌ಬರ್ಡ್ ಮೂಲಕ ಬಂದ ಅದರ 4150 ಮಾದರಿ ಇಷ್ಟು ಜನಪ್ರಿಯವಾದದ್ದು ಅದು ಮೆಕ್ಯಾನಿಕ್‌ನಿಂದ ಏನನ್ನೂ ಮುಚ್ಚಿಡುವುದಿಲ್ಲ ಎಂಬ ಕಾರಣಕ್ಕೆ. ಫ್ಲೋಟಿನ ಮಟ್ಟ ನೋಡಲು ಬಟ್ಟಲಿನ ಪಕ್ಕದಲ್ಲೇ ಒಂದು ತಿರುಪು. ಎಂಜಿನ್ ಓಡುತ್ತಿರುವಾಗ ಅದನ್ನು ತೆಗೆದರೆ ಪೆಟ್ರೋಲು ತೂತಿನ ಕೆಳ ಅಂಚಿಗೆ ಬಂದು ಮುಟ್ಟುವಂತಿರಬೇಕು, ಧಾರೆಯಾಗಿ ಸುರಿಯಬಾರದು. ಬಿಸಿ ಎಂಜಿನ್ನಿನ ಮೇಲೆ ಹನಿ ಬಿದ್ದರೂ ಅಪಾಯ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಲ್ಲದೆ ಈ ಕೆಲಸಕ್ಕೆ ಕೈ ಹಾಕಕೂಡದು. ಈಗಿನ ಹಾಲಿಗಳಲ್ಲಿ ತೂತಿನ ಜಾಗಕ್ಕೆ ಗಾಜು ಕೂಡಿಸಿದ್ದಾರೆ, ಒಳ್ಳೆಯ ಕೆಲಸ. ಆಕ್ಸಿಲರೇಟರ್ ಪಂಪಿನ ಸನ್ನೆಗೂ ಲಿಂಕೇಜಿಗೂ ನಡುವೆ ಕೂದಲೆಳೆಯಷ್ಟೂ ಸಡಿಲ ಇರಬಾರದು. ಪೆಡಲು ಮುಟ್ಟಿದ ಕೂಡಲೆ ಚಿಮ್ಮಬೇಕು. ವ್ಯಾಕ್ಯೂಮ್‌ನಿಂದ ತೆರೆಯುವ ಹಿಂದಿನ ಬಾಯಿಗಳು ನಿಜಕ್ಕೂ ತೆರೆಯುತ್ತಿವೆಯೇ ಎಂದು ತಿಳಿಯಲು ಹಳಬರು ಒಂದು ಚೆಂದದ ಉಪಾಯ ಮಾಡುತ್ತಾರೆ. ಡಯಾಫ್ರಂನಿಂದ ಇಳಿಯುವ ಕಡ್ಡಿಗೆ ಕಾಗದದ ಕ್ಲಿಪ್ಪೊಂದನ್ನು ಸಿಕ್ಕಿಸಿ, ಮೇಲಕ್ಕೆ ತಳ್ಳಿ, ಪೂರ್ತಿ ಪೆಡಲು ತುಳಿದು ಒಂದು ಸುತ್ತು ಹೋಗಿ ಬರುವುದು. ಕ್ಲಿಪ್ಪು ಎಷ್ಟು ಕೆಳಗೆ ಸರಿದಿದೆಯೋ ಬಾಯಿ ಅಷ್ಟು ತೆರೆದಿತ್ತು ಎಂದರ್ಥ. ಸರಿಯದಿದ್ದರೆ ಒಳಗಿನ ಸ್ಪ್ರಿಂಗು ಬಿಗಿ.

ಸೀಸ ಹೋದ ಮೇಲೆ ಬಂದದ್ದು ಎಥನಾಲ್. ಅಮೆರಿಕದ ಸಾಮಾನ್ಯ ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 10 ಪಾಲು ಅದೇ. ಬರಿಯ ಪೆಟ್ರೋಲಿನ ಒಂದು ಪಾಲು ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಹತ್ತು ಪಾಲು ಎಥನಾಲ್ ಬೆರೆತರೆ 14.1 ಸಾಕು, ಏಕೆಂದರೆ ಎಥನಾಲ್ ತನ್ನ ಒಡಲಲ್ಲೇ ಆಮ್ಲಜನಕ ಹೊತ್ತು ತರುತ್ತದೆ. ಇಂಜೆಕ್ಷನ್ ಕಾರಿನ ಕಂಪ್ಯೂಟರ್ ಇದನ್ನು ಹೊಗೆಯಲ್ಲಿ ಮೂಸಿ ಕಂಡುಹಿಡಿದು ತಾನೇ ಸರಿಮಾಡಿಕೊಳ್ಳುತ್ತದೆ. ಹಿತ್ತಾಳೆಯ ಜೆಟ್ಟಿಗೆ ಮೂಗಿಲ್ಲ. 1967ರಲ್ಲಿ ಎಷ್ಟು ಕೊರೆದಿದ್ದರೋ ಅಷ್ಟೇ ಬಿಡುತ್ತದೆ, ಎಂಜಿನ್ ಸ್ವಲ್ಪ ಹಸಿದೇ ಓಡುತ್ತದೆ. ಹಾಗಾಗಿ ಮೂಲ ಜೆಟ್ಟಿಗಿಂತ ಒಂದೆರಡು ನಂಬರ್ ದೊಡ್ಡದನ್ನು ಹಾಕುವುದು ಈಗ ಅಪಚಾರವಲ್ಲ, ಅಗತ್ಯ.

ಪ್ಲಗ್ಗಿನ ಬಣ್ಣ ನೋಡಿ ಮಿಶ್ರಣ ಅಳೆಯುವ ಹಳೆಯ ವಿದ್ಯೆಯೂ ಇಲ್ಲಿ ಕೈಕೊಡುತ್ತದೆ. ಪ್ಲಗ್ಗಿನ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ ಎಂದು ತಲೆಮಾರುಗಳು ಕಲಿತಿದ್ದವು. ಆ ಕಂದಿನಲ್ಲಿ ಸೀಸದ ಲವಣಗಳ ಪಾಲೂ ಇತ್ತು. ಇವತ್ತಿನ ಪೆಟ್ರೋಲು ಪಿಂಗಾಣಿಯನ್ನು ಬಹುಮಟ್ಟಿಗೆ ಬೆಳ್ಳಗೇ ಬಿಡುತ್ತದೆ, ಅದನ್ನು ಕಂಡು ಬೆದರಿ ಜೆಟ್ ಏರಿಸುತ್ತ ಹೋದರೆ ಕಪ್ಪುಹೊಗೆ ಗ್ಯಾರಂಟಿ. ಸೈಲೆನ್ಸರ್ ಕೊಳವೆಗೆ ಆಮ್ಲಜನಕದ ಸೆನ್ಸರ್ ಕೂಡಿಸಿ ಅಂಕಿ ಓದುವುದು ಈಗಿನ ಸರಿಯಾದ ದಾರಿ. ಪೂರ್ತಿ ಪೆಡಲಿನಲ್ಲಿ 12.5ರಿಂದ 13, ಹದವಾದ ಓಟದಲ್ಲಿ 14ರ ಆಸುಪಾಸು ಬಂದರೆ ಬಹುತೇಕ ರಸ್ತೆ ಎಂಜಿನ್ನುಗಳು ಸುಖವಾಗಿರುತ್ತವೆ.

ಎಥನಾಲ್ ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಗಟ್ಟಿ ಮಾಡುತ್ತದೆ, ಗಾಳಿಯ ತೇವವನ್ನು ಹೀರಿ ಟ್ಯಾಂಕಿನ ತಳದಲ್ಲಿ ನೀರು ಕೂಡಿಸುತ್ತದೆ. ಪಂಪಿನ ಡಯಾಫ್ರಂ, ಹೋಸುಗಳು, ಆಕ್ಸಿಲರೇಟರ್ ಪಂಪಿನ ಬಟ್ಟಲು ಎಲ್ಲ ಹೊಸ ಬಗೆಯ ರಬ್ಬರಿನವೇ ಆಗಿರಬೇಕು. ಇದು ಕರ್ನಾಟಕದ ಓದುಗರಿಗೆ ಅಮೆರಿಕದ ಸುದ್ದಿಯೇನಲ್ಲ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20 ಪಾಲು ಎಥನಾಲ್ ಬೆರೆತ ಪೆಟ್ರೋಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ಮೊದಲು ಹೊರಬಿಟ್ಟ ಜಾವಾ, ಯೆಜ್ದಿ ಬೈಕುಗಳನ್ನು ಇನ್ನೂ ಓಡಿಸುವವರು ಜಿಟಿಒ ಮಾಲೀಕ ಎದುರಿಸುವ ಸಮಸ್ಯೆಯ ದುಪ್ಪಟ್ಟನ್ನು ಎದುರಿಸುತ್ತಿದ್ದಾರೆ.  ಅವರೂ ಮುಖ್ಯ ಜೆಟ್ಟನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಕುದಿತ. ಇವತ್ತಿನ ಪೆಟ್ರೋಲನ್ನು ಇಂಜೆಕ್ಷನ್ ಕಾರುಗಳಿಗೆಂದೇ ಹದ ಮಾಡುತ್ತಾರೆ. ಅವುಗಳಲ್ಲಿ ಟ್ಯಾಂಕಿನೊಳಗಿನ ಪಂಪು 40, 50 ಪೌಂಡ್ ಒತ್ತಡದಲ್ಲಿ ದೂಡುವುದರಿಂದ ಪೆಟ್ರೋಲು ಬಿಸಿಯಾದರೂ ಕುದಿಯುವುದಿಲ್ಲ. ಮಸಲ್ ಕಾರಿನಲ್ಲಿ ಕ್ಯಾಮ್‌ಶಾಫ್ಟಿನಿಂದ ನಡೆಯುವ ಪಂಪು ಎಂಜಿನ್ನಿಗೆ ಅಂಟಿಕೊಂಡಿದೆ, ಹಿಂದಿನ ಟ್ಯಾಂಕಿನಿಂದ ಪೆಟ್ರೋಲನ್ನು ಹೀರಿ ತರುತ್ತದೆ. ಹೀರುವ ಕೊಳವೆಯಲ್ಲಿ ಒತ್ತಡ ಹೊರಗಿನ ಗಾಳಿಗಿಂತಲೂ ಕಡಿಮೆ, ಆದ್ದರಿಂದ ಕುದಿಯುವ ಬಿಂದುವೂ ಕೆಳಗೆ. ಪೆಟ್ರೋಲಿನ ಹಗುರ ಅಂಶಗಳು 40 ಡಿಗ್ರಿ ಸೆಲ್ಸಿಯಸ್‌ನ ಹತ್ತಿರವೇ ಹಬೆಯಾಗತೊಡಗುತ್ತವೆ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಕಾಫಿಗೆ ಹೋಗಿ ಬಂದರೆ, ಬಟ್ಟಲಿನ ಪೆಟ್ರೋಲು ಕುದಿದು ಉಕ್ಕಿ ಮ್ಯಾನಿಫೋಲ್ಡಿಗೆ ಇಳಿದಿರುತ್ತದೆ. ಗಾಡಿ ಓವರ್‌ಫ್ಲೋ ಆಗಿ ಸ್ಟಾರ್ಟೇ ಆಗದು.

ಇದಕ್ಕೆ ಮದ್ದುಗಳು ಸರಳ, ಆದರೆ ಎಲ್ಲವನ್ನೂ ಕೂಡಿಯೇ ಮಾಡಬೇಕು. ಕಾರ್ಬೊರೇಟರಿನ ಕೆಳಗೆ ಶಾಖ ತಡೆಯುವ ದಪ್ಪ ಫೀನಾಲಿಕ್ ತುಂಡು ಬೇಕು. ಚಳಿಗಾಲದಲ್ಲಿ ಬೆಚ್ಚಗಿರಲೆಂದು ಮ್ಯಾನಿಫೋಲ್ಡಿನೊಳಗೆ ಹೊಗೆ ಹಾಯಿಸುವ ದಾರಿಯನ್ನು, ಹಿಮದಲ್ಲಿ ಕಾರು ತೆಗೆಯದವರು, ಮುಚ್ಚಿಬಿಡಬಹುದು. ಪೆಟ್ರೋಲ್ ಕೊಳವೆ ಸೈಲೆನ್ಸರಿನಿಂದ ದೂರ ಹಾಯಬೇಕು. ಪಂಪಿನಿಂದ ಟ್ಯಾಂಕಿಗೆ ವಾಪಸು ಕೊಳವೆಯೊಂದನ್ನು ಎಳೆದರೆ ಹಬೆ ಅಲ್ಲಿಗೆ ಮರಳುತ್ತದೆ, ತಣ್ಣನೆಯ ಪೆಟ್ರೋಲು ಸುತ್ತುತ್ತಲೇ ಇರುತ್ತದೆ. ಏಸಿ ಇದ್ದ ಕಾರುಗಳಿಗೆ ಜನರಲ್ ಮೋಟರ್ಸ್ ಆಗಲೇ ಇದನ್ನು ಮಾಡಿತ್ತು. ಟ್ಯಾಂಕಿನ ಪಕ್ಕ ವಿದ್ಯುತ್ ಪಂಪು ಹಾಕುವವರು ಎರಡು ವಿಷಯ ಮರೆಯಬಾರದು. ಕಾರ್ಬೊರೇಟರಿನ ಸೂಜಿಗೆ 5ರಿಂದ 7 ಪೌಂಡ್ ಒತ್ತಡವೇ ಮಿತಿ, ಅದಕ್ಕಾಗಿ ರೆಗ್ಯುಲೇಟರ್ ಬೇಕು. ಮತ್ತು ಅಪಘಾತವಾಗಿ ಎಂಜಿನ್ ನಿಂತರೆ ಪಂಪೂ ತಾನೇ ನಿಲ್ಲುವಂಥ ಸ್ವಿಚ್ ಇರಲೇಬೇಕು. ಇದನ್ನು ಬಿಟ್ಟ ಗಾಡಿಯನ್ನು ನಾನು ಸುರಕ್ಷಿತ ಎನ್ನಲಾರೆ. ಇಷ್ಟೆಲ್ಲ ಮಾಡಿಯೂ ಮಿಷಿಗನ್ನಿನಂಥ ಚಳಿಯ ರಾಜ್ಯಗಳಲ್ಲಿ ಏಪ್ರಿಲ್ ತಿಂಗಳ ಮೊದಲ ಬಿಸಿಲಿಗೆ ಕಾರು ಕಾಡಿಸಿದರೆ ಟ್ಯೂನಿಂಗನ್ನು ಮುಟ್ಟಬೇಡಿ. ಬೇಗ ಆವಿಯಾಗಲೆಂದು ಬ್ಯೂಟೇನ್ ಹೆಚ್ಚು ಬೆರೆಸಿದ ಚಳಿಗಾಲದ ಪೆಟ್ರೋಲು ಟ್ಯಾಂಕಿನಲ್ಲಿ ಉಳಿದಿರುತ್ತದೆ. ಅದು ಮುಗಿಯಲಿ.

ಇಷ್ಟು ಪಾಡು ಯಾಕೆ, ಕಾರ್ಬೊರೇಟರ್ ತೆಗೆದು ಅದರ ಜಾಗದಲ್ಲೇ ಕೂರುವ ಎಲೆಕ್ಟ್ರಾನಿಕ್ ಇಂಜೆಕ್ಷನ್ ಹಾಕಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು. ದಿನವೂ ದೂರ ಓಡಿಸುವವರಿಗೆ ಅದೇ ಸರಿ, ಬೆಳಗಿನ ಚಳಿಯಲ್ಲೂ ಡೆನ್ವರಿನ ಘಟ್ಟದಲ್ಲೂ ಅದು ಒಂದೇ ಸಮ ಓಡುತ್ತದೆ. ಆದರೆ ಹಾಗೆ ಮಾಡುವವರಲ್ಲಿ ನನ್ನದೊಂದು ಕೋರಿಕೆ ಇದೆ. ಬಿಚ್ಚಿದ ಕ್ವಾಡ್ರಾಜೆಟ್ಟನ್ನು ಗುಜರಿಗೆ ಹಾಕಬೇಡಿ, ಬೇರೆ ಕಾರಿನದಕ್ಕೆ ಬದಲಿ ಕೊಡಬೇಡಿ. ಅದರ ಡ್ರೈವರ್ ಬದಿಯಲ್ಲಿ 702ರಿಂದಲೋ 704ರಿಂದಲೋ ಶುರುವಾಗುವ ಏಳಂಕಿಯ ಸಂಖ್ಯೆ ಒತ್ತಿರುತ್ತದೆ. ಅದು ಯಾವ ವರ್ಷದ, ಯಾವ ಎಂಜಿನ್ನಿನ, ಯಾವ ಗೇರ್‌ಬಾಕ್ಸಿನ ಕಾರಿಗೆಂದು ಕೂಡಿಸಿದ್ದು ಎಂಬುದನ್ನು ಆ ಸಂಖ್ಯೆ ಹೇಳುತ್ತದೆ. ಒಳಗಿನ ಪೆಟ್ರೋಲು ಬಸಿದು, ಒಣಗಿಸಿ, ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಜೆಟ್ಟು ಮತ್ತು ಮೀಟರಿಂಗ್ ಕಡ್ಡಿಗಳ ಸಮೇತ ಪೆಟ್ಟಿಗೆಯಲ್ಲಿಟ್ಟು, ಆ ಪೆಟ್ಟಿಗೆಯನ್ನು ಕಾರಿನ ಜತೆಯೇ ಮುಂದಿನವರಿಗೆ ದಾಟಿಸಿ.